ಅವ್ವನ ಕೆನಾಲ್ ಇಂಗ್ಲಿಷ್

ಶಹಾಪುರ

ಪ್ರತಿ ವರ್ಷ ಪರೀಕ್ಷೆ ಹತ್ತಿರ ಬಂದಾಗ ನಾನು ಹತ್ತನೇ ತರಗತಿಯ ಮಕ್ಕಳಿಗೆ ಒಂದು ಪ್ರಬಂಧ ಬರೆಸುತ್ತೇನೆ. ‘ಜಗತ್ತಿನ ಭಾಷೆಯಾಗಿ ಇಂಗ್ಲಿಷ್’. ಇಂಗ್ಲಿಷ್ ಬಲ್ಲವರು ಯಾವ ದೇಶಕ್ಕೆ ಹೋದರೂ ಮೂಕರಾಗುವುದಿಲ್ಲ ಎಂಬುದು ಅದರ ಮೊದಲ ಸಾಲು. ಇಪ್ಪತ್ತು ವರ್ಷದಿಂದ ಬರೆಸುತ್ತಿದ್ದೇನೆ. ಆದರೆ ಶಹಾಪುರದ ನನ್ನ ಸರ್ಕಾರಿ ಹೈಸ್ಕೂಲಿನಿಂದ ಇಂಗ್ಲಿಷ್ ಕಟ್ಟಿಕೊಂಡು ನಾನು ಹೋದ ಅತಿ ದೂರದ ಊರೆಂದರೆ ಹೈದರಾಬಾದ್. ಅಲ್ಲಿಯೂ ಆಟೋದವರ ಹತ್ತಿರ ಉರ್ದುವೇ ಸಾಕಾಗಿತ್ತು.

ಹೀಗಿರುವಾಗ ಯಾದಗಿರಿಯ ನಿವೃತ್ತ ಗುಮಾಸ್ತ ಭೀಮರಾಯ ಸರ್ ನಮ್ಮ ಕಡೆಯ ಬೌದ್ಧ ಮನೆತನಗಳ ಹದಿನೆಂಟು ಜನರನ್ನು ಕೂಡಿಸಿಕೊಂಡು ಥಾಯ್ಲೆಂಡ್ ಯಾತ್ರೆಗೆ ಹೊರಟರು. ಅವ್ವ ತನ್ನ ಹೆಸರನ್ನೂ ನನ್ನ ಹೆಸರನ್ನೂ ಕೊಟ್ಟುಬಂದ ಮೇಲೆ ನನಗೆ ಹೇಳಿದಳು.

“ಅಲ್ಲಿ ಮಲಗಿದ ಬುದ್ಧ ಅದಾನಂತ. ನಮ್ಮ ಗುಡ್ಡದಾಗಿನಾಂವ ಹ್ಯಾಂಗದಾನ, ಅವಾ ಹ್ಯಾಂಗದಾನ, ಒಮ್ಮೆ ನೋಡಿಬರಬೇಕು.”

ನಮ್ಮೂರ ಗುಡ್ಡದ ಸಾಲು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲ ಬರಾಬರ್. ಅವ್ವ ದಿನಾ ಮುಂಜಾನೆ ಮುಖ ತೊಳೆದು ಮೊದಲು ಆ ಕಡೆ ಕೈ ಮುಗಿಯುತ್ತಾಳೆ, ಆಮೇಲೆ ಚಹಾ.

ಅವ್ವ ಶಾಲೆಗೆ ಹೋದವಳಲ್ಲ. ನಾನು ಹುಟ್ಟಿದ ಕಾಲಕ್ಕೆ ನಾರಾಯಣಪುರದಿಂದ ನಮ್ಮ ಸೀಮೆಗೆ ಕಾಲುವೆ ತೋಡುತ್ತಿದ್ದರು. ಅಪ್ಪ ಹಾರೆ ಹಿಡಿದ, ಅವ್ವ ಬುಟ್ಟಿ ಹೊತ್ತಳು. ಅಪ್ಪ ಬೇಗ ತೀರಿಕೊಂಡ. ಅವ್ವ ಬುಟ್ಟಿ ಇಳಿಸಲಿಲ್ಲ. ಅದರಿಂದಲೇ ಓದಿ, ನಮ್ಮ ಓಣಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಮೊದಲ ಹೆಣ್ಣು ಆದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ನೌಕರಿಗೆ ಸೇರಿದ ಮೊದಲ ಊರಿನಲ್ಲಿ, ಸ್ಟಾಫ್ ರೂಮಿನೊಳಗೆ ನನ್ನ ನೀರಿನ ಲೋಟ ಬೇರೆ ಇರುತ್ತಿತ್ತು. ಯಾರೂ ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಲೋಟ ಮಾತ್ರ ಕಿಟಕಿಯ ಕಟ್ಟೆಯ ಮೇಲೆ ಒಂಟಿಯಾಗಿ ಕೂತಿರುತ್ತಿತ್ತು. ನಾನೂ ಏನೂ ಹೇಳದೆ ಇಂಗ್ಲಿಷಿನಲ್ಲಿ ಮಾತಾಡತೊಡಗಿದೆ. ಒಂದು ಉಚ್ಚಾರ, ಒಂದು ಕಾಲಸೂಚಕ ತಪ್ಪದ ಇಂಗ್ಲಿಷ್. ಆರು ತಿಂಗಳಲ್ಲಿ ನನ್ನ ಲೋಟ ಉಳಿದವರ ಲೋಟಗಳ ನಡುವೆ ಬಂದಿತು. ಅಂದಿನಿಂದ ತಪ್ಪು ಇಂಗ್ಲಿಷ್ ಕೇಳಿದರೆ ನನಗೆ ಬರುವುದು ಸಿಟ್ಟಲ್ಲ, ಅಂಜಿಕೆ.

ಅವ್ವನಿಗೂ ಇಂಗ್ಲಿಷ್ ಬರುತ್ತದೆ. ಕಾಲುವೆ ಕೆಲಸದಲ್ಲಿ ಕಿವಿಗೆ ಬಿದ್ದದ್ದು. ಲೆವೆಲ್, ಸೈಡ್, ಸ್ಟಾಪ್, ರಿವರ್ಸ್, ಡಬಲ್, ಫಿನಿಶ್. ಹೆಚ್ಚೆಂದರೆ ಮೂವತ್ತು ಮಾತು. ಅವನ್ನು ಧಾರಾಳವಾಗಿ ಖರ್ಚು ಮಾಡುತ್ತಾಳೆ. ಬೇಳೆ ಬೆಂದರೆ “ಫಿನಿಶ್”. ಬೀಗರ ಸಂಬಂಧ ಕೆಟ್ಟರೆ “ಲೆವೆಲ್ ತಪ್ಪೇದ”. ನನ್ನ ಸಹೋದ್ಯೋಗಿಗಳು ಮನೆಗೆ ಬಂದಾಗ ಮಾತ್ರ ನಾನು ಅಡುಗೆಮನೆಗೆ ಹೋಗಿ, “ಅವ್ವ, ಜರಾ ಸುಮ್ನಿರು” ಎನ್ನುತ್ತಿದ್ದೆ. ಅವಳು ಸುಮ್ಮನಿರುತ್ತಿದ್ದಳು.

ಬ್ಯಾಂಕಾಕ್

ಹೋಟೆಲಿನ ಕೋಣೆ ಕೊರೆಯುವಷ್ಟು ತಂಪು. ನಾನು ಕೆಳಗಿಳಿದು, ಕೌಂಟರಿನ ಹುಡುಗಿಗೆ, ನಮ್ಮ ಕೋಣೆಗೆ ಇನ್ನೊಂದು ಹೊದಿಕೆ ಕಳಿಸಿಕೊಡಲು ಸಾಧ್ಯವಾದರೆ ಬಹಳ ಉಪಕಾರವಾಗುತ್ತದೆ ಎಂದು ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದೆ. ಹುಡುಗಿ ಎರಡೂ ಕೈ ಜೋಡಿಸಿ ನಕ್ಕಳು. ಹತ್ತು ನಿಮಿಷದಲ್ಲಿ ಕೋಣೆಗೆ ಇಸ್ತ್ರಿ ಪೆಟ್ಟಿಗೆ ಬಂತು.

“ಇದನ್ನ ಹೊತ್ಗೊಂಡು ಮಲಗಬೇಕೇನ?” ಎಂದಳು ಅವ್ವ. ನಾನು ತಡೆಯುವಷ್ಟರಲ್ಲಿ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಲಿಫ್ಟಿನ ಕಡೆ ನಡೆದಳು. ನಾನು ಹಿಂದೆ ಓಡಿದೆ. ಅವ್ವ ಕೌಂಟರಿನ ಮುಂದೆ ನಿಂತು ಮೈ ಗಡಗಡ ನಡುಗಿಸಿ, ಹೊದಿಕೆ ತೋರಿಸಿ, ಎರಡು ಬೆರಳು ಎತ್ತಿ, “ಡಬಲ್!” ಎಂದಳು.

“ಡಬಲ್! ಕ್ಯಾನ್, ಕ್ಯಾನ್!” ಎಂದು ಹುಡುಗಿ ಎದ್ದೋಡಿದಳು. ಹೊದಿಕೆ ಬಂತು.

ಅಲ್ಲಿನ ಇಂಗ್ಲಿಷ್ ಹೀಗೆಯೇ. ಆಗುತ್ತದೆ ಎನ್ನಲು ‘ಕ್ಯಾನ್’. ಇಲ್ಲ ಎನ್ನಲು ‘ನೋ ಹ್ಯಾವ್’. ಯಾರು, ಯಾವಾಗ ಎಂಬುದೆಲ್ಲ ಕೇಳುವವರಿಗೆ ಬಿಟ್ಟದ್ದು. ನನಗೆ ಪ್ರತಿ ವಾಕ್ಯಕ್ಕೂ ಕೆಂಪು ಪೆನ್ನು ಹುಡುಕುವಂತಾಗುತ್ತಿತ್ತು. ಅವ್ವನಿಗೆ ಮಾತ್ರ ತವರುಮನೆಗೆ ಬಂದಂತಾಯಿತು. ಸಂತೆಯಲ್ಲಿ ಹುಣಸೆಹಣ್ಣು, ತೊಂಡೆಕಾಯಿ, ಹಸಿ ಮೆಣಸಿನಕಾಯಿಯ ರಾಶಿ ಕಂಡು, ಆ ದಿನವೇ ಕಲಿತಿದ್ದ ‘ಸೇಮ್ ಸೇಮ್’ ಎಂಬ ಮಾತನ್ನು ಮಾರುವ ಹೆಂಗಸರಿಗೆಲ್ಲ ಹಂಚುತ್ತ ಹೋದಳು. ಅವರು ನಕ್ಕು “ಸೇಮ್ ಸೇಮ್, ಮಾಮಾ” ಎಂದರು. ಅಲ್ಲಿನವರ ಇಂಗ್ಲಿಷಿನಲ್ಲಿ ತಾಯಿ ಎಂದರೆ ಮಾಮಾ. ಭೀಮರಾಯ ಸರ್, “ನಮ್ಮಲ್ಲಿ ಮಾಮಾ ಅಂದ್ರ ನಾ ಆಗಬೇಕ್ರಿ” ಎಂದು ದಿನವಿಡೀ ನಗಿಸಿದರು.

ಮಲಗಿದ ಬುದ್ಧನನ್ನೂ ನೋಡಿದೆವು. ದೊಡ್ಡ ಗುಡಿಯೊಳಗೆ, ಅಡಿಯಿಂದ ಮುಡಿಯವರೆಗೆ ಬಂಗಾರ. ಅವ್ವ ಕೈ ಮುಗಿದು ಬಹಳ ಹೊತ್ತು ನಿಂತಳು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಮೆಲ್ಲಗೆ ಅಂದಳು: “ಚಂದ ಅದಾನ. ಆದ್ರ ಅಷ್ಟು ದೊಡ್ಡಾಂವನ ಒಳಗ ಕೂಡಿಹಾಕ್ಯಾರ. ಗಾಳಿ ಎಲ್ಲಿಂದ ಬರಬೇಕು ಅವಗ?”

ಅಯುತ್ಥಯಾ

ಮರುದಿನ ಗುಂಪಿನವರೆಲ್ಲ ಅಂಗಡಿ ಸುತ್ತಲು ಹೊರಟರು. ಅವ್ವ ಬರುವುದಿಲ್ಲವೆಂದಳು. ಬಯಲಿನಲ್ಲಿ ಮಲಗಿದ ಇನ್ನೊಬ್ಬ ಬುದ್ಧ ಅಯುತ್ಥಯಾ ಎಂಬ ಹಳೆಯ ಊರಿನಲ್ಲಿದ್ದಾನೆ, ರೈಲಿನಲ್ಲಿ ಹೋಗಿ ಸಂಜೆಗೆ ಬರಬಹುದು ಎಂದು ತಿಳಿದು ನಾವಿಬ್ಬರೇ ಹೊರಟೆವು.

ಒಂದು ಕಾಲದ ರಾಜಧಾನಿ ಅದು. ಈಗ ಎಲ್ಲಿ ನೋಡಿದರೂ ಇಟ್ಟಿಗೆಯ ಪಾಳು ಗೋಡೆ. ಅದರ ನಡುವೆ ಹುಲ್ಲಿನ ಮೇಲೆ, ಮಾಡು ಇಲ್ಲದೆ, ಮಳೆ ಬಿಸಿಲಿಗೆ ಕಪ್ಪಾದ ಬುದ್ಧ ಮಲಗಿದ್ದ. ಅವ್ವ ಅವನ ಪಾದದಿಂದ ತಲೆಯವರೆಗೆ ನಡೆದಳು, ತಲೆಯಿಂದ ಪಾದಕ್ಕೆ ಮರಳಿದಳು. “ಇವಾ ನಮ್ಮಾಂವ,” ಎಂದಳು. “ನಮ್ಮಾಂವ ಅಂಗಾತ ಮಲಗ್ಯಾನ, ಇವಾ ಮಗ್ಗಲಾಗ್ಯಾನ, ಅಷ್ಟ.”

ನೆರಳಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ನಾಲ್ಕು ಶಾಲೆಯ ಹುಡುಗಿಯರು ಬಂದರು. ಕೈಯಲ್ಲಿ ನೋಟುಪುಸ್ತಕ. ಪರದೇಶದವರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ ಬರೆದುಕೊಂಡು ಬನ್ನಿ ಎಂದು ಅವರ ಟೀಚರ್ ಕಳಿಸಿದ್ದರು. ಟೀಚರ್ ದೂರದ ಮರದ ಕೆಳಗೆ ನಿಂತು ನೋಡುತ್ತಿದ್ದರು. ನನ್ನ ಎದೆ ಉಬ್ಬಿತು. ಇಷ್ಟು ದೂರದಲ್ಲಿ ನನ್ನದೇ ಪಾಠ! ಸೀರೆ ಸರಿಮಾಡಿಕೊಂಡು ಕೂತೆ. ಆದರೆ ಹುಡುಗಿಯರು ಹೋದದ್ದು ಬಿಳಿ ಸೀರೆಯ ಅವ್ವನ ಹತ್ತಿರ.

ಒಬ್ಬಳು ಪುಸ್ತಕ ನೋಡಿಕೊಂಡು ಓದಿದಳು: “ವಾಟ್ ಈಸ್ ಯುವರ್ ನೇಮ್?”

“ನಿಂಗಮ್ಮ,” ಎಂದಳು ಅವ್ವ.

“ವಾಟ್ ಈಸ್ ಯುವರ್ ಜಾಬ್?”

ಉದ್ಯೋಗ ಖಾತ್ರಿಯ ಜಾಬ್ ಕಾರ್ಡಿನಿಂದಾಗಿ ಅವ್ವನಿಗೆ ಆ ಮಾತು ಗೊತ್ತು. ಅವಳು ನೆಟ್ಟಗೆ ಕೂತಳು. ಎದೆ ಮುಟ್ಟಿಕೊಂಡು, “ಕೆನಾಲ್,” ಎಂದಳು.

ಹುಡುಗಿ ಪೆನ್ನು ಎತ್ತಿದಳು. ದೂರದಿಂದ ಟೀಚರ್ ನೋಡುತ್ತಿದ್ದಾರೆ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ನಾನು ನಡುವೆ ಬಾಯಿ ಹಾಕಿದೆ. ನನ್ನ ತಾಯಿ ನೀರಾವರಿ ಯೋಜನೆಯೊಂದರಲ್ಲಿ ದಿನಗೂಲಿ ಕಾರ್ಮಿಕಳಾಗಿದ್ದವಳು, ಈಗ ನನ್ನ ಆಶ್ರಯದಲ್ಲಿದ್ದಾಳೆ ಎಂದು ಉದ್ದಕ್ಕೆ ವಿವರಿಸಿದೆ. ಹುಡುಗಿಯ ಪೆನ್ನು ನಿಂತೇ ಇತ್ತು. ಕೊನೆಗೆ, “ರೈಟ್ ಹೌಸ್‌ವೈಫ್,” ಎಂದೆ. ಆ ಮಾತು ಅವಳಿಗೆ ಗೊತ್ತಿತ್ತು. ಬರೆದುಕೊಂಡು, ಕೈ ಜೋಡಿಸಿ ಹೋದಳು.

“ಏನ್ ಬರಿಸಿದಿ?” ಅವ್ವ ಕೇಳಿದಳು.

“ಮನಿಯಾಗಿರಾಕಿ ಅಂತ.”

“ನಾ ಕೆನಾಲ್ ಅಂದಿದ್ನೆಲ್ಲ?”

“ಹಂಗಂದ್ರ ಅದು ಇಂಗ್ಲಿಷ್ ಆಗಲ್ಲವ್ವ. ನೀನೇ ಕಾಲುವಿ ಅಂದಂಗಾಗತದ. ನಗತಾರ.”

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

ಅಯುತ್ಥಯಾ ಸ್ಟೇಶನ್

ಸ್ಟೇಶನ್ನಿಗೆ ಮರಳುವ ಆಟೋದಲ್ಲಿ ಅವ್ವ ಹೊರಗಿನ ಪಾಳು ಗೋಡೆಗಳನ್ನೇ ನೋಡುತ್ತ ಕೂತಿದ್ದಳು. ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಹೆಂಗಸು ತೆಳ್ಳನೆಯ ರೊಟ್ಟಿಯೊಳಗೆ ಬೊಂಬಾಯಿ ಮಿಠಾಯಿ ಸುತ್ತಿ ಮಾರುತ್ತಿದ್ದಳು. ಅದಕ್ಕೆ ಅಲ್ಲಿಯೂ ರೋಟಿ ಎಂದೇ ಹೆಸರು. ಬೇರೆ ಹೊತ್ತಾಗಿದ್ದರೆ ಅವ್ವ ಅವಳ ಪಕ್ಕ ಕೂತು ಜೋಳದ ರೊಟ್ಟಿ ಬಡಿಯುವುದನ್ನೇ ತೋರಿಸಿಬಿಡುತ್ತಿದ್ದಳು. ಅಂದು ಬೆಂಚಿನ ತುದಿಗೆ ಮುಖ ತಿರುಗಿಸಿ ಕೂತಳು. ಅವಳ ಟಿಕೆಟ್ಟು ಅವಳ ಕೈಗೆ ಕೊಟ್ಟು ನಾನು ಶೌಚಾಲಯಕ್ಕೆ ಹೋದೆ.

ಮರಳಿ ಬರುವಾಗ ಒಂದು ರೈಲು ಹೊರಟು ಹೋಗುತ್ತಿತ್ತು. ಬ್ಯಾಂಕಾಕಿನ ಕಡೆಗಲ್ಲ, ಅದರ ಎದುರು ದಿಕ್ಕಿಗೆ. ಬೆಂಚು ಖಾಲಿ ಇತ್ತು.

ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಿದೆ. ಅವ್ವನ ಫೋನು ಹೋಟೆಲಿನಲ್ಲಿತ್ತು. ಹೋಟೆಲಿನ ಕಾರ್ಡು, ಅವಳ ಪಾಸ್‌ಪೋರ್ಟು ನನ್ನ ಚೀಲದಲ್ಲಿದ್ದವು. ಅವಳ ಹತ್ತಿರ ಇದ್ದದ್ದು ಆ ಟಿಕೆಟ್ಟು ಮತ್ತು ನೀರಿನ ಬಾಟಲಿ.

ಸ್ಟೇಶನ್ ಮಾಸ್ತರರ ಕೋಣೆಗೆ ನುಗ್ಗಿದೆ. ವಯಸ್ಸಾದ ನನ್ನ ತಾಯಿ, ನಿಮ್ಮ ಭಾಷೆಯಾಗಲಿ ಇಂಗ್ಲಿಷಾಗಲಿ ಬಾರದವಳು, ನನ್ನ ಅನುಪಸ್ಥಿತಿಯಲ್ಲಿ ಪ್ರಮಾದವಶಾತ್ ಬೇರೆ ರೈಲು ಹತ್ತಿರಬಹುದೆಂಬ ಆತಂಕ ನನಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, “ಬ್ಯಾಂಕಾಕ್? ಹಾಫ್ ಅವರ್,” ಎಂದರು. ಮತ್ತೆ ಹೇಳಿದೆ. ಮತ್ತೆ, “ಬ್ಯಾಂಕಾಕ್, ಓಕೆ, ಓಕೆ.” ಅಂಜಿಕೆಯಾದಷ್ಟೂ ನನ್ನ ವಾಕ್ಯಗಳು ಉದ್ದವಾಗುತ್ತಿದ್ದವು. ಅವು ಉದ್ದವಾದಷ್ಟೂ ಆ ಒಳ್ಳೆಯ ಮನುಷ್ಯನ ಮುಖ ಬಾಡುತ್ತಿತ್ತು.

ಆಗ ರೋಟಿ ಮಾರುವ ಹೆಂಗಸು ಒಳಗೆ ಬಂದು ನನ್ನ ರಟ್ಟೆ ಹಿಡಿದಳು. “ಯೂ... ಮಾಮಾ?”

ತಲೆಯಾಡಿಸಿದೆ. ಅವಳು ರೈಲು ಹೋದ ಕಡೆ ಕೈ ಮಾಡಿದಳು. “ಮಾಮಾ ಗೋ?”

“ಮಾಮಾ ಗೋ,” ಎಂದೆ. “ಟ್ರೇನ್ ಗೋ. ಐ ನೋ ಗೋ.”

ಮಾಸ್ತರರು ಕುರ್ಚಿಯಿಂದ ಎದ್ದರು. “ಆಆ!” ಎಂದರು. ಫೋನು ಕೈಗೆತ್ತಿಕೊಂಡರು. ಯಾವುದಾದರೂ ಉತ್ತರಪತ್ರಿಕೆಯಲ್ಲಿ ಆ ಮೂರು ಸಾಲು ಕಂಡಿದ್ದರೆ ನಾನು ಸೊನ್ನೆ ಸುತ್ತುತ್ತಿದ್ದೆ. ಆ ಹೊತ್ತು ಅವುಗಳ ಬಾಲ ಹಿಡಿದು ನಿಂತಿದ್ದೆ.

ಅವರು ಮುಂದಿನ ಜಂಕ್ಷನ್ನಿಗೆ ಫೋನು ಮಾಡಿಟ್ಟರು. ಕಾಲು ಗಂಟೆಯಲ್ಲಿ ಅಲ್ಲಿಂದ ಫೋನು ಬಂತು. ಕೇಳುತ್ತ ಕೇಳುತ್ತ ಮಾಸ್ತರರ ಹುಬ್ಬು ಮೇಲೇರಿತು. ರಿಸೀವರಿಗೆ ಕೈ ಮುಚ್ಚಿ ನನಗೆ ಹೇಳಿದರು: “ಇಂಡಿಯಾ ಲೇಡಿ, ಟ್ರೇನ್. ಬೇಬಿ ಲಾಸ್ಟ್. ಬೇಬಿ ಹಿಯರ್!”

ಯಾರೋ ಇಂಡಿಯಾದ ಹೆಂಗಸು ಈ ಸ್ಟೇಶನ್ನಿನಲ್ಲಿ ಕೂಸನ್ನು ಬಿಟ್ಟು ಹೋಗಿದ್ದಾಳೆ ಎಂದು ನನಗೆ ಅರ್ಥವಾಯಿತು. ಅವಳು ಅವ್ವ ಅಲ್ಲ ಎಂದುಕೊಂಡೆ. ಆದರೂ ಕೂಸು ಕೂಸೇ ಅಲ್ಲವೇ. ಕಸ ಗುಡಿಸುವವರು, ಟಿಕೆಟ್ ಕೊಡುವವರು, ರೋಟಿಯ ಹೆಂಗಸು, ಎಲ್ಲರ ಜೊತೆ ನಾನೂ ಬೆಂಚುಗಳ ಕೆಳಗೆ, ಸಾಮಾನು ಗಾಡಿಗಳ ಹಿಂದೆ ಬಗ್ಗಿ ಬಗ್ಗಿ ಹುಡುಕಿದೆ. ಎಲ್ಲಿಯೂ ಕೂಸಿಲ್ಲ. ಮಾಸ್ತರರು ಮತ್ತೆ ಫೋನಿಗೆ ಕಿವಿ ಹಚ್ಚಿದರು. ಏನೋ ತಿಳಿಯದವರಂತೆ ಆ ಮಾತನ್ನೇ ಎರಡು ಸಲ ಅಂದರು: “ಬೇಬಿ ರಿವರ್ಸ್? ಬೇಬಿ ರಿವರ್ಸ್?”

ರಿವರ್ಸ್! ಹಿಂದಕ್ಕೆ ಉಳಿದದ್ದಕ್ಕೆಲ್ಲ ರಿವರ್ಸ್ ಎನ್ನುವ ಬಾಯಿ ಈ ಭೂಮಿಯ ಮೇಲೆ ಒಂದೇ.

“ಸರ್,” ಎಂದೆ. “ದಟ್ ಲೇಡಿ ಮೈ ಮಾಮಾ. ಐ ಬೇಬಿ.”

ಅವರು ನನ್ನ ನರೆತ ಕೂದಲು, ಕನ್ನಡಕ ನೋಡಿದರು. “ಯೂ?”

“ಎಸ್ ಸರ್. ಐ ಬೇಬಿ.”

ರೋಟಿಯ ಹೆಂಗಸು ಮೊದಲು ನಕ್ಕಳು, ಮಾಸ್ತರರು ಫೋನಿನೊಳಗೇ ನಕ್ಕರು, ಆ ಕಡೆಯ ಸ್ಟೇಶನ್ನಿನಲ್ಲಿಯೂ ನಗು ಕೇಳಿಸಿತು. ನಾನು ಗೋಡೆಗೆ ಒರಗಿ ಅತ್ತೆ. ರೋಟಿಯ ಹೆಂಗಸು ಸಕ್ಕರೆ ಅಂಟಿದ ಕೈಯಿಂದಲೇ ನನ್ನ ಬೆನ್ನು ಸವರಿದಳು.

ಅದೇ ಬೆಂಚು

ಹೊತ್ತು ಇಳಿಯುವ ಮುಂಚೆ ಬಂದ ರೈಲಿನಿಂದ ಗಾರ್ಡ್ ಅವ್ವನ ಕೈ ಹಿಡಿದು ಇಳಿಸಿದ. ಅವಳ ಕಂಕುಳಲ್ಲಿ ಬಾಳೆಹಣ್ಣಿನ ಒಂದು ಚಿಪ್ಪು. ಗಾರ್ಡ್ ಅತ್ತಿತ್ತ ನೋಡಿ ಕೂಸು ಎಲ್ಲಿ ಎಂಬಂತೆ ಕೈ ತಿರುವಿದ. ಅವ್ವ ನನ್ನ ಕಡೆ ಬೆರಳು ಮಾಡಿ ತೋರಿಸಿದಳು. ಅವನು ಟೊಪ್ಪಿಗೆ ತೆಗೆದು, ನನಗೆ ತಲೆಬಾಗಿ, ನಗು ತಡೆಯಲಾರದೆ ರೈಲು ಹತ್ತಿದ.

“ಬಂದ ರೈಲ ಹತ್ತಿದೆ,” ಎಂದಳು ಅವ್ವ, ನಾನು ಕೇಳುವ ಮುಂಚೆಯೇ. “ನಿನ್ನ ಮ್ಯಾಲ ಸಿಟ್ಟಿತ್ತು. ಹಿಂದಿಂದ ಬರತಾಳ ಬಿಡು ಅಂತ ತಿರುಗಿ ನೋಡಲಿಲ್ಲ. ಆಮ್ಯಾಲ ನೋಡ್ತೀನಿ, ಬಿಸಿಲು ಉಲ್ಟಾ ಮಗ್ಗಲಿಗೆ ಬಿದ್ದದ. ಅಂದ್ರ ನಾ ಬ್ಯಾರೆ ಕಡಿ ಹೊಂಟೀನಿ ಅಂತ ಖಾತ್ರಿ ಆತು. ಎದ್ದು ನಿಂತು ಒದರಿದೆ, ಸ್ಟಾಪ್! ಬೇಬಿ ರಿವರ್ಸ್! ಇಡೀ ಡಬ್ಬಿ ಎದ್ದು ನಿಂತು ಬಿಡ್ತು ನೋಡು.”

“ಬೇಬಿ ಅನ್ನೋದು ಎಲ್ಲಿ ಕಲಿತಿ ಅವ್ವ? ಮನಿಯಾಗ ಒಂದ ದಿನಾನೂ ಅಂದಿಲ್ಲ.”

ಅವ್ವ ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟಳು.

“ಕೆನಾಲಿನ್ಯಾಗ. ಅಲ್ಲಿ ಬಂಡಿಗಲ್ಲು ಬಾಳ. ಮದ್ದು ಹಾಕಿ ಹಾರಸತಿದ್ರು. ಹಾರಸೋ ಮುಂಚೆ ಸೂಪರ್‌ವೈಜರ್ ಒದರತಿದ್ದ, ಬೇಬಿ ಸೈಡ್! ಬೇಬಿ ಸೈಡ್! ನಿನ್ನ ಜಾಲಿಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸಿರತಿದ್ದೆ. ಆ ಮಾತು ಕೇಳಿದ್ರ ಸಾಕು, ಬುಟ್ಟಿ ಒಗದು ಓಡಿ ನಿನ್ನ ಎತ್ಕೋತಿದ್ದೆ. ಒಂದ ದಿನ ಕಲ್ಲು ಬಂದು ಜೋಳಿಗಿ ಕಟ್ಟಿದ ಟೊಂಗಿಗೇ ಬಡೀತು. ನೀ ನನ್ನ ಬಗಲಾಗ ಇದ್ದಿ. ನಾ ಕಲಿತ ಮೊದಲನೇ ಇಂಗ್ಲಿಷ್ ಮಾತು ಅದ ನೋಡು. ಬಾಳ ದಿನ ಅದು ನಿನ್ನ ಹೆಸರು ಅಂತನೇ ತಿಳಿದಿದ್ದೆ.”

ಇಂಗ್ಲಿಷಿನಿಂದ ನಾನು ಬದುಕಿದೆ ಎಂದು ಎಷ್ಟೋ ಭಾಷಣದಲ್ಲಿ ಹೇಳಿದ್ದೇನೆ. ಅದು ಇಷ್ಟು ಖರೆ ಎಂದು ಗೊತ್ತಿರಲಿಲ್ಲ.

“ಆ ಹುಡುಗಿಗೆ ಕೆನಾಲ್ ಅಂತನೇ ಬರಸಬೇಕಿತ್ತು,” ಎಂದೆ. “ತಪ್ಪಾತು ಅವ್ವ.”

“ಹೋಗ್ಲಿ ಬಿಡು. ಅದು ವಹಿ, ನಾಳಿ ಹರದು ಹೋಗತದ. ಕಾಲುವಿ ಅಲ್ಲೇ ಅದ.” ಇನ್ನೊಂದು ಹಣ್ಣು ಸುಲಿಯುತ್ತ ಕೇಳಿದಳು: “ನಕ್ಕರ ಏನಾಗತದ? ಆ ಡಬ್ಬಿಯಾಗಿನವರೂ ನಕ್ಕರು. ನಕ್ಕು ಬಾಳಿಹಣ್ಣು ಕೊಟ್ಟರು.”

“ಆ ನಗು ಬ್ಯಾರೆ ಅವ್ವ. ನಾ ಕಂಡಿದ್ದು ಬ್ಯಾರೆ,” ಎಂದೆ. ಎಂದೂ ಹೇಳದಿದ್ದ ಲೋಟದ ಸಂಗತಿಯನ್ನು ಆ ಪರದೇಶದ ಬೆಂಚಿನ ಮೇಲೆ ಕೂತು ಹೇಳಿದೆ.

ಅವ್ವ ಹಳಿಗಳನ್ನೇ ನೋಡುತ್ತ ಕೇಳಿದಳು. ಆಮೇಲೆ ಸಿಪ್ಪೆ ಮಡಚಿ ಪಕ್ಕಕ್ಕಿಟ್ಟು, “ಇಂಗ್ಲಿಷ್ ಮಾತಾಡಿದ ಮ್ಯಾಲ ಬಿಟ್ಟರಾ?” ಎಂದಳು.

“ಬಿಟ್ಟರು.”

“ಹಂಗಾದ್ರ ನೀ ಅದನ್ನ ಬಿಡಬ್ಯಾಡ. ಚಂದಂಗ ಮಾತಾಡು, ಒಂದೂ ತಪ್ಪದಂಗ ಮಾತಾಡು.” ನನ್ನ ತೊಡೆಯ ಮೇಲೆ ಕೈ ಇಟ್ಟಳು. “ಆದ್ರ ನನಗ ನನ್ನಷ್ಟು ಮಾತಾಡಾಕ ಬಿಡು.”

ಬ್ಯಾಂಕಾಕಿನ ರೈಲು ಬಂತು. ಕೈ ಕೈ ಹಿಡಿದು ಹತ್ತಿದೆವು. ರೋಟಿಯ ಹೆಂಗಸು ಕಿಟಕಿಯಿಂದ ಎರಡು ಪೊಟ್ಟಣ ಒಳಗೆ ಹಾಕಿ, “ಮಾಮಾ, ಬೇಬಿ, ಬೈ ಬೈ!” ಎಂದು ಕೂಗಿದಳು.

ವಿಮಾನ ನಿಲ್ದಾಣ

ಮರಳುವ ದಿನ ಪಾಸ್‌ಪೋರ್ಟ್ ತೋರಿಸುವ ಸಾಲಿನಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಅವ್ವನ ಸರದಿ ಬಂದಾಗ ನಾನೂ ಜೊತೆಗೆ ಹೆಜ್ಜೆ ಇಟ್ಟೆ. ಗಾಜಿನ ಹಿಂದಿನ ಅಧಿಕಾರಿ ಹಸ್ತ ಎತ್ತಿ ನನ್ನನ್ನು ತಡೆದ. ನಾನು ಹಳದಿ ಗೆರೆಯ ಹಿಂದೆ ನಿಂತೆ.

ಅವ್ವ ಒಬ್ಬಳೇ ಹೋದಳು. ಕೌಂಟರಿನ ಕಟ್ಟೆ ಅವಳ ಗದ್ದದವರೆಗೆ ಬರುತ್ತಿತ್ತು. ಅಧಿಕಾರಿ ಏನೋ ಕೇಳಿದ. ಅವ್ವ ಏನೋ ಹೇಳಿದಳು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅವನು ಮತ್ತೆ ಕೇಳಿದ. ಅವ್ವ ಕೈಯನ್ನು ಗಾಳಿಯಲ್ಲಿ ಉದ್ದಕ್ಕೆ ಎಳೆದು ತೋರಿಸಿದಳು, ಆಮೇಲೆ ತಲೆಯ ಮೇಲೆ ಏನೋ ಹೊತ್ತಂತೆ ಎರಡೂ ಕೈ ಎತ್ತಿದಳು. ಗೆರೆ ದಾಟಲು ನನ್ನ ಕಾಲು ಎರಡು ಸಲ ಮುಂದೆ ಬಂತು. ಎರಡು ಸಲವೂ ಹಿಂದಕ್ಕೆ ಇಟ್ಟೆ. ಅಧಿಕಾರಿ ಮುಂದಕ್ಕೆ ಬಾಗಿ, ಪೂರ್ತಿ ಕೇಳಿಸಿಕೊಂಡು, ಠಸ್ಸೆ ಒತ್ತಿದ. ಪಾಸ್‌ಪೋರ್ಟನ್ನು ಎರಡೂ ಕೈಯಿಂದ ಕೊಟ್ಟ.

ನಾನು ನನ್ನದನ್ನು ಮುಗಿಸಿ ಓಡಿಹೋದೆ. ಅವ್ವ ಗೋಡೆಯ ಪಕ್ಕ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

“ಏನ್ ಕೇಳಿದ ಅವ್ವ? ನೀ ಏನ್ ಹೇಳಿದಿ?”

“ಅದು ನಮ್ಮಿಬ್ಬರ ಮಾತು,” ಎಂದಳು ಅವ್ವ. “ನಿನಗ್ಯಾಕ ಬೇಕು? ನಡಿ, ವಿಮಾನಕ್ಕ ಹೊತ್ತಾಗಾಕತ್ತದ.”